ಓಕ್‌ಹ್ಯಾಂಪ್ಟನ್ ಕೋಟೆಯ ಜಿಂಕೆ ಪಾರ್ಕು: ಬೇಲಿ ಹೋಯಿತು, ನೆಲ ಮರೆಯಲಿಲ್ಲ

ಕಬ್ಬನ್ ಪಾರ್ಕು, ಮಕ್ಕಳ ಪಾರ್ಕು, ಗಾಡಿ ಪಾರ್ಕಿಂಗು. ಈ ಪದವನ್ನು ನಾವು ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಇಂಗ್ಲಿಷಿಗೆ ಇದು ಫ್ರೆಂಚಿನಿಂದ ಬಂತು. ಮೊದಲ ಅರ್ಥ ಸುತ್ತುಗಟ್ಟಿದ ಜಾಗ, ಅಷ್ಟೇ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಪಾರ್ಕು ಅಂದರೆ ಜನ ಅಡ್ಡಾಡುವ ತೋಟ ಅಲ್ಲ. ಒಡೆಯನೊಬ್ಬ ತನ್ನ ಜಿಂಕೆಗಳಿಗಾಗಿ ಬೇಲಿ ಹಾಕಿಸಿದ ನೆಲ. ಬೆಂಚು, ಹೂವಿನ ಮಡಿ ಎಲ್ಲ ಎಷ್ಟೋ ಆಮೇಲೆ ಬಂದವು.

1300ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇಂಥ ಪಾರ್ಕುಗಳು ಮೂರು ಸಾವಿರಕ್ಕೂ ಜಾಸ್ತಿ ಇದ್ದವು. ನೂರು, ಇನ್ನೂರು ಎಕರೆಯವೇ ಹೆಚ್ಚು. ಇಲ್ಲಿ ನಾನು ಹೇಳಹೊರಟಿರುವುದು ಅವುಗಳಲ್ಲಿ ಒಂದರ ಕಥೆ. ಡೆವನ್ ಸೀಮೆಯ ಓಕ್‌ಹ್ಯಾಂಪ್ಟನ್ ಕೋಟೆಯ ಪಾರ್ಕು. ಇದು ಸುಮಾರು 1,700 ಎಕರೆ. ನಮ್ಮ ಲಾಲ್‌ಬಾಗ್ 240 ಎಕರೆ. ಅಂಥ ಏಳು ಲಾಲ್‌ಬಾಗ್ ಸೇರಿಸಿದಷ್ಟು ನೆಲ, ಒಬ್ಬ ಒಡೆಯನ ಜಿಂಕೆಗಳಿಗೆ.

ಕೋಟೆಗಳ ಬಗ್ಗೆ ಓದುವಾಗ ನಾವು ಗೋಡೆ ನೋಡುತ್ತೇವೆ, ಬುರುಜು ಎಣಿಸುತ್ತೇವೆ, ಯಾರು ಮುತ್ತಿಗೆ ಹಾಕಿದರು ಅಂತ ಕೇಳುತ್ತೇವೆ. ಓಕ್‌ಹ್ಯಾಂಪ್ಟನ್ನಿನಲ್ಲಿ ಹಾಗೆ ಮಾಡಿದರೆ ಅರ್ಧ ಕಥೆಯೂ ಸಿಗುವುದಿಲ್ಲ. ಇವತ್ತು ಕಾಣುವ ಕೋಟೆ ನಿಂತಿರುವುದೇ ಪಾರ್ಕಿಗಾಗಿ. ಪಾರ್ಕು ಹೋದಾಗ ಕೋಟೆಯ ಉಸಿರೂ ನಿಂತಿತು. ಪಾರ್ಕಿನ ಕೆಳಗೆ ಇನ್ನೊಂದು ಊರಿನ ಕಥೆಯೂ ಇದೆ. ಅದನ್ನು ಹೇಳದೆ ಬಿಟ್ಟರೆ ಈ ಪ್ರಕರಣಕ್ಕೆ ನ್ಯಾಯ ಆಗುವುದಿಲ್ಲ.

ಜಾಗ

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಡೆವನ್ ಇದೆ. ಅದರ ನಡುವೆ ಡಾರ್ಟ್‌ಮೂರ್ ಅನ್ನುವ ಎತ್ತರದ ಬೋಳು ಗುಡ್ಡಸೀಮೆ. ಹುಲ್ಲು, ಜೌಗು, ತುದಿಗಳಲ್ಲಿ ಒಂದರ ಮೇಲೊಂದು ಇಟ್ಟಂತೆ ಕಾಣುವ ಕಗ್ಗಲ್ಲು. ಈ ಸೀಮೆಯ ಉತ್ತರದ ಅಂಚಿನಲ್ಲಿ, ಪೂರ್ವ ಓಕ್‌ಮೆಂಟ್ ಮತ್ತು ಪಶ್ಚಿಮ ಓಕ್‌ಮೆಂಟ್ ಎಂಬ ಎರಡು ಚಿಕ್ಕ ನದಿಗಳು ಕೂಡುವ ಕಡೆ ಓಕ್‌ಹ್ಯಾಂಪ್ಟನ್ ಪೇಟೆ ಇದೆ. ಪೇಟೆಯಿಂದ ನೈಋತ್ಯಕ್ಕೆ ಸ್ವಲ್ಪ ದೂರ ನಡೆದರೆ, ಪಶ್ಚಿಮ ಓಕ್‌ಮೆಂಟಿನ ಪಕ್ಕದ ಉದ್ದನೆ ಗುಡ್ಡದ ಮೂಗಿನ ಮೇಲೆ ಕೋಟೆ. ನದಿಯ ಆಚೆ ದಡದಿಂದ ನೆಲ ಏರುತ್ತಾ ಏರುತ್ತಾ ದಕ್ಷಿಣಕ್ಕೆ ಹೋಗುತ್ತದೆ. ದಕ್ಷಿಣ ಇಂಗ್ಲೆಂಡಿನ ಅತಿ ಎತ್ತರದ ಜಾಗ, 621 ಮೀಟರಿನ ಹೈ ವಿಲ್‌ಹೇಸ್, ಆ ದಿಕ್ಕಿನಲ್ಲೇ ಇದೆ. ಕೋಟೆಗೂ ಆ ಎತ್ತರಕ್ಕೂ ನಡುವಿನ ಇಳಿಜಾರೇ ಪಾರ್ಕು.

ಕೋಟೆ ಮೊದಲು ಹುಟ್ಟಿದ್ದು ಹೆದರಿಸಲಿಕ್ಕೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. 1068ರಲ್ಲಿ ಡೆವನ್ ಸೀಮೆ, ಮುಖ್ಯವಾಗಿ ಎಕ್ಸೆಟರ್ ಪಟ್ಟಣ, ತಿರುಗಿಬಿತ್ತು. ದಂಗೆ ಅಡಗಿಸಿದ ಮೇಲೆ ಬಾಲ್ಡ್‌ವಿನ್ ಫಿಟ್ಸ್‌ಗಿಲ್ಬರ್ಟ್ ಎಂಬ ನಾರ್ಮನ್ ಸರದಾರ ಇಲ್ಲಿ ಮಣ್ಣಿನ ದಿಬ್ಬ ಎತ್ತಿಸಿ ಕೋಟೆ ಕಟ್ಟಿಸಿದ. 1086ರಲ್ಲಿ ರಾಜ ಬರೆಸಿದ ಡೂಮ್ಸ್‌ಡೇ ಎಂಬ ಭೂದಾಖಲೆಯಲ್ಲಿ ಡೆವನ್ನಿನ ಒಂದೇ ಒಂದು ಕೋಟೆಯ ಹೆಸರಿದೆ. ಅದು ಇದು. ಜೊತೆಗೆ ಒಂದು ಸಂತೆ, ಪೇಟೆಯ ನಾಲ್ಕು ಒಕ್ಕಲು. ಅಷ್ಟೇ.

ಆಮೇಲೆ ಮದುವೆ ಸಂಬಂಧದಿಂದ ಜಹಗೀರು ಕೋರ್ಟ್ನಿ ಮನೆತನದ ಕೈಸೇರಿತು. ದಂಗೆಯ ಭಯ ಹೋಗಿತ್ತು. ಕೋಟೆಯೂ ಸೊರಗಿತು. 1274ರ ಒಂದು ಲೆಕ್ಕಪತ್ರ ಓದಿದರೆ ಪಾಪ ಅನ್ನಿಸುತ್ತದೆ. ಬೆಲೆಯೇ ಇಲ್ಲದ ಒಂದು ಹಳೆ ದಿಬ್ಬ, ಅದರ ಹೊರಗೆ ಕೆಟ್ಟದಾಗಿ ಕಟ್ಟಿದ ಒಂದು ಹಜಾರ, ಒಂದು ಕೋಣೆ, ಒಂದು ಅಡುಗೆಮನೆ. ಕೋಟೆ ಅಂತ ಉಳಿದಿದ್ದು ಇಷ್ಟು.

ಇಪ್ಪತ್ತು ಮೂವತ್ತು ವರ್ಷದಲ್ಲಿ ಇದೇ ಜಾಗ ಗುರುತೇ ಸಿಗದಂತೆ ಬದಲಾಯಿತು.

ಪದವಿಗೆ ಕಾದವನ ಕಟ್ಟಡ

1276ರಲ್ಲಿ ಹುಟ್ಟಿದ ಹ್ಯೂ ಕೋರ್ಟ್ನಿಗೆ ಅಪ್ಪ ತೀರಿಕೊಂಡಾಗ ಹದಿನೈದು ವರ್ಷ. ಮರುವರ್ಷ, 1293ರಲ್ಲಿ, ದೂರದ ಬಂಧು ಇಸಬೆಲ್ಲಾ ಎಂಬಾಕೆ ತೀರಿಕೊಂಡಳು. ಡೆವನ್ನಿನ ಕೌಂಟೆಸ್ ಆಕೆ, ಅಂದರೆ ಗಂಡಸಾಗಿದ್ದರೆ ‘ಅರ್ಲ್’ ಅನ್ನಿಸಿಕೊಳ್ಳುವ ದೊಡ್ಡ ಸರದಾರ ಪದವಿಯವಳು. ಅವಳಿಗೆ ಮಕ್ಕಳು ಉಳಿದಿರಲಿಲ್ಲ. ವಾರಸುದಾರ ಹ್ಯೂ. ಆಸ್ತಿಯಲ್ಲಿ ಬಹುಪಾಲು ಬಂತು, ಆದರೆ ‘ಅರ್ಲ್’ ಎಂಬ ಪದವಿ ಬರಲಿಲ್ಲ. ಆ ಪದವಿ ಅವನಿಗೆ ಸಿಕ್ಕಿದ್ದು 1335ರಲ್ಲಿ. ಅಷ್ಟರಲ್ಲಿ ವಯಸ್ಸು ಅರವತ್ತರ ಹತ್ತಿರ. ಐದು ವರ್ಷಕ್ಕೆ ಹೋಗಿಯೇಬಿಟ್ಟ.

ಆ ನಲವತ್ತು ವರ್ಷದ ಕಾಯುವಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೋಟೆ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಕಾಗದದಲ್ಲಿ ಸಿಗದ ದೊಡ್ಡಸ್ತಿಕೆಯನ್ನು ಅವನು ಕಲ್ಲಿನಲ್ಲಿ, ನೆಲದಲ್ಲಿ ತೋರಿಸಿದ. ಪ್ರಾಯಕ್ಕೆ ಬಂದ ಮೇಲೆ, 1300ರ ಆಚೀಚೆ, ದಿಬ್ಬದ ಮೇಲಿನ ಗೋಪುರ ಹೊಸದಾಯಿತು. ಕೆಳಗಿನ ಅಂಗಳದಲ್ಲಿ ಹಜಾರ, ಅಡುಗೆಮನೆ, ಪ್ರಾರ್ಥನೆ ಗುಡಿ, ಅತಿಥಿಗಳ ಕೋಣೆಸಾಲು ಎದ್ದವು. ನದಿಯಾಚೆಯ ಇಳಿಜಾರು ಪೂರ್ತಿ ಬೇಲಿಯೊಳಗೆ ಬಂತು.

ಈ ಕೋಟೆಗೆ ಎರಡು ಮುಖ. ಉತ್ತರಕ್ಕೆ ರಸ್ತೆ ಇತ್ತು, ಪೇಟೆ ಇತ್ತು, ಹೋಗಿಬರುವ ಜನ ಇದ್ದರು. ಆ ಕಡೆ ಗೋಡೆ ಬಿಗಿಯಾಗಿದೆ. ತೆರಪು ಕಡಿಮೆ, ಇದ್ದರೂ ಸಣ್ಣದು. ನೋಡಿದವರಿಗೆ ಇದು ಪಕ್ಕಾ ಕೋಟೆ. ದಕ್ಷಿಣಕ್ಕೆ ಪಾರ್ಕು. ಆ ಕಡೆ ಕೋಣೆಗಳಿಗೆ ದೊಡ್ಡ ದೊಡ್ಡ ಕಿಟಕಿ. ಗೋಡೆಯ ದಪ್ಪದೊಳಗೇ, ಕಿಟಕಿಯ ಎರಡೂ ಬದಿಗೆ, ಕೂರಲು ಕಲ್ಲಿನ ಜಗಲಿ. ಚಳಿಗೆ ಒಲೆಗೂಡು, ಪಕ್ಕದಲ್ಲೇ ಶೌಚಕ್ಕೆ ಜಾಗ. ಅಂದರೆ ಅತಿಥಿ ಬೆಚ್ಚಗೆ ಕೂತು, ಹೊರಗಿನ ನೆಲವನ್ನು ಆರಾಮವಾಗಿ ನೋಡಲಿ ಅಂತ ಕಟ್ಟಿದ್ದು.

ಯುದ್ಧಕ್ಕೆ ಕಟ್ಟುವವನು ಇಷ್ಟು ದೊಡ್ಡ ಕಿಟಕಿ ಇಡುವುದಿಲ್ಲ ಅಲ್ವಾ? ದಕ್ಷಿಣದಿಂದ ಯಾರೂ ಬರುವುದಿಲ್ಲ ಅನ್ನುವ ಧೈರ್ಯ ಅವನಿಗಿತ್ತು. ಆ ಕಡೆ ಇದ್ದಿದ್ದೆಲ್ಲ ಅವನದೇ. ಕಿಟಕಿಯಲ್ಲಿ ಕೂತವನ ಕಣ್ಣು ಹೋದಷ್ಟು ದೂರ ಒಂದು ಹೊಲ, ಒಂದು ಹೊಗೆ, ಒಂದು ದನದ ಮಂದೆ ಕಾಣಬಾರದು. ಕಾಡು, ಹುಲ್ಲು, ಜಿಂಕೆ, ಅದರ ಹಿಂದೆ ಬೋಳು ಗುಡ್ಡ ಇಷ್ಟೇ ಕಾಣಬೇಕು. ಆ ನೋಟ ತಾನಾಗಿ ಸಿಕ್ಕಿದ್ದಲ್ಲ, ಮಾಡಿಸಿದ್ದು.

ಬೇಲಿಯ ಲೆಕ್ಕ

ಜಿಂಕೆ ಪಾರ್ಕಿನ ಬೇಲಿ ಅಂದರೆ ಸುಮ್ನೆ ಮುಳ್ಳು ಹಾಕಿದ್ದಲ್ಲ. ಮೊದಲು ಕಂದಕ ತೋಡುತ್ತಿದ್ದರು. ತೋಡಿದ ಮಣ್ಣನ್ನು ಹೊರಬದಿಗೆ ಏರಿಯಾಗಿ ಎತ್ತುತ್ತಿದ್ದರು. ಏರಿಯ ತಲೆಯ ಮೇಲೆ ಸೀಳಿದ ಓಕ್ ಮರದ ಹಲಗೆ ನೆಡುತ್ತಿದ್ದರು. ಮರ ಕಡಿಮೆ, ಕಲ್ಲು ಜಾಸ್ತಿ ಇರುವ ಸೀಮೆಯಾದರೆ ಕಲ್ಲಿನ ಗೋಡೆ. ಕಂದಕ ಒಳಗಡೆ ಇರುವುದರಿಂದ ಜಿಂಕೆಗೆ ಹಾರಲು ಎತ್ತರ ಎರಡು ಪಾಲಾಗುತ್ತದೆ. ಜಿಂಕೆ ಹಾರುವುದನ್ನು ನೋಡಿದವರಿಗೆ ಇದು ಯಾಕೆ ಬೇಕು ಅಂತ ಹೇಳಬೇಕಿಲ್ಲ.

ಕೆಲವು ಪಾರ್ಕುಗಳಲ್ಲಿ ಇನ್ನೊಂದು ಉಪಾಯವೂ ಇತ್ತು. ಬೇಲಿಯ ಒಂದು ಕಡೆ ಹೊರಗಿನ ನೆಲ ಎತ್ತರ, ಒಳಗೆ ಆಳದ ಗುಂಡಿ. ಹೊರಗಿನ ಕಾಡುಜಿಂಕೆ ಒಳಗೆ ಹಾರಬಹುದು, ಒಳಗಿಂದ ಹೊರಗೆ ಹಾರಲಾಗದು. ನೆರೆಯ ಜಿಂಕೆಯನ್ನು ಹೀಗೆ ಬರಮಾಡಿಕೊಳ್ಳುವ ಈ ‘ಹಾರುಗಂಡಿ’ಯ ಬಗ್ಗೆ ಆ ಕಾಲದಲ್ಲಿ ತಕರಾರುಗಳಾದವು. ರಾಜನ ಕಾಡಿನ ಹತ್ತಿರ ಇಂಥದ್ದು ಇಡಲು ಅಪ್ಪಣೆ ಬೇಕಿತ್ತು.

ನಾನೊಂದು ಸಣ್ಣ ಲೆಕ್ಕ ಹಾಕಿ ನೋಡಿದೆ. 1,700 ಎಕರೆ ಅಂದರೆ ಸುಮಾರು ಏಳು ಚದರ ಕಿಲೋಮೀಟರ್. ಸರಿಯಾದ ವೃತ್ತದಲ್ಲಿ ಬೇಲಿ ಸುತ್ತಿದರೂ ಒಂಬತ್ತು ಕಿಲೋಮೀಟರಿಗೆ ಕಡಿಮೆ ಆಗುವುದಿಲ್ಲ. ನೆಲ ವೃತ್ತವಾಗಿಲ್ಲ, ಹಾಗಾಗಿ ಅದಕ್ಕಿಂತ ಜಾಸ್ತಿಯೇ. ಅಷ್ಟು ಉದ್ದ ತೋಡುವುದು, ಎತ್ತುವುದು, ಕಟ್ಟುವುದು, ಪ್ರತಿ ಮಳೆಗಾಲದ ನಂತರ ಕುಸಿದದ್ದನ್ನು ಮತ್ತೆ ಎತ್ತುವುದು. ಡಾರ್ಟ್‌ಮೂರಿನ ಮಳೆ ಸಣ್ಣದಲ್ಲ. ಇದು ವರ್ಷ ವರ್ಷದ ಖರ್ಚು.

ಒಳಗೆ ಬಿಟ್ಟ ಜಿಂಕೆ ಹೆಚ್ಚಾಗಿ ಫ್ಯಾಲೋ ಎಂಬ ಜಾತಿಯದು. ಮೈಮೇಲೆ ಬಿಳಿ ಚುಕ್ಕಿ. ನಮ್ಮ ಚುಕ್ಕೆ ಜಿಂಕೆ ನೆನಪಾಗುತ್ತದೆ, ಆದರೆ ಗಂಡಿನ ಕೊಂಬು ಬೇರೆ. ತುದಿಯಲ್ಲಿ ಅಂಗೈಯಂತೆ ಅಗಲ. ಇದು ಇಂಗ್ಲೆಂಡಿನ ಮೂಲ ಜಿಂಕೆ ಅಲ್ಲ. ಇದರ ತವರು ಇವತ್ತಿನ ಟರ್ಕಿ ಇರುವ ಸೀಮೆ. ರೋಮನ್ನರು ಒಮ್ಮೆ ತಂದಿದ್ದರು, ಅದು ಉಳಿಯಲಿಲ್ಲ. ನಾರ್ಮನ್ನರ ಕಾಲಕ್ಕೆ ಮತ್ತೆ ಬಂತು. ಹಿಂಡಾಗಿ ಇರುತ್ತದೆ, ಇಕ್ಕಟ್ಟಿನಲ್ಲೂ ಮರಿ ಹಾಕುತ್ತದೆ. ಬೇಲಿಯೊಳಗಿನ ಬದುಕಿಗೆ ಹೇಳಿಮಾಡಿಸಿದ ಪ್ರಾಣಿ.

ನೋಡಿಕೊಳ್ಳಲು ಪಾರ್ಕರ್ ಎಂಬ ಕಾವಲಿನವನು ಇರುತ್ತಿದ್ದ. ಇವತ್ತು ಪಾರ್ಕರ್ ಅನ್ನುವುದು ಎಷ್ಟೋ ಜನರ ಮನೆತನದ ಹೆಸರು, ಅದು ಈ ಕೆಲಸದಿಂದ ಬಂದದ್ದು. ಬೇಲಿ ನೋಡಬೇಕು, ಕಳ್ಳ ಬೇಟೆಗಾರರನ್ನು ಹಿಡಿಯಬೇಕು, ಚಳಿಗಾಲದಲ್ಲಿ ಒಣಹುಲ್ಲು, ಹಸಿರು ಟೊಂಗೆ ಹಾಕಬೇಕು, ಮರಿ ಹಾಕುವ ಜೂನ್ ತಿಂಗಳಲ್ಲಿ ಯಾರೂ ಹಿಂಡನ್ನು ಬೆದರಿಸದಂತೆ ಕಾಯಬೇಕು. ಒಡೆಯನ ಅಡುಗೆಮನೆಗೆ ಮಾಂಸ ಬೇಕಾದಾಗ ಹೊಡೆಯುವ ಕೆಲಸವೂ ಹೆಚ್ಚಾಗಿ ಇಂಥ ಆಳುಗಳದೇ. ಒಡೆಯ ಬಂದಾಗ ಮಾತ್ರ ದೊಡ್ಡ ಶಿಕಾರಿ. ನಾಯಿ ಬಿಟ್ಟು, ಜನ ಬಿಟ್ಟು ಜಿಂಕೆಗಳನ್ನು ಓಡಿಸಿಕೊಂಡು ಬರುವುದು, ಬಿಲ್ಲು ಹಿಡಿದು ಕಾದವರು ಹೊಡೆಯುವುದು.

ಜಿಂಕೆ ಮಾಂಸವನ್ನು ಸಂತೆಯಲ್ಲಿ ರಾಜಾರೋಷವಾಗಿ ಮಾರುವಂತಿರಲಿಲ್ಲ. ಅದು ಒಡೆಯನ ಪಂಕ್ತಿಯ ಊಟ, ಇಲ್ಲವೇ ಅವನ ಕೈಯ ಉಡುಗೊರೆ. ಹಣ ಕೊಟ್ಟರೆ ಸಿಗದ್ದು ಅನ್ನುವುದೇ ಅದರ ಬೆಲೆ. ಪಾರ್ಕಿನ ಖರ್ಚನ್ನು ಮಾಂಸದ ಲೆಕ್ಕದಲ್ಲಿ ತೂಗಿದರೆ ಹುಚ್ಚು ಅನ್ನಿಸುತ್ತದೆ. ಮರ್ಯಾದೆಯ ಲೆಕ್ಕದಲ್ಲಿ ತೂಗಿದರೆ ಹ್ಯೂ ಏನು ಮಾಡುತ್ತಿದ್ದ ಅಂತ ಗೊತ್ತಾಗುತ್ತದೆ.

1970ರ ದಶಕದಲ್ಲಿ ರಾಬರ್ಟ್ ಹೈಯಮ್ ಎಂಬ ಪುರಾತತ್ತ್ವಜ್ಞರು ಕೋಟೆಯೊಳಗೆ ಹಲವು ವರ್ಷ ಉತ್ಖನನ ಮಾಡಿಸಿದರು. ಅಡುಗೆಮನೆಯ ಕಸದಲ್ಲಿ ಆ ಊಟದ ಗುರುತು ಸಿಕ್ಕಿತು. ಜಿಂಕೆಯ ಮೂಳೆ, ಸಾಕಿದ ಪ್ರಾಣಿಗಳ ಮೂಳೆ, ದೂರದ ಕರಾವಳಿಯಿಂದ ತಂದ ಮೀನಿನ ಮುಳ್ಳು. ಬೇಲಿ ಕಟ್ಟಿಸಿದವನ ಹೆಸರು ದಾಖಲೆಯಲ್ಲಿ ಸಿಗುತ್ತದೆ. ಬೇಲಿಯೊಳಗಿನದು ತಟ್ಟೆಗೆ ಬಂತು ಅನ್ನಲು ಮಾತ್ರ ಈ ಮೂಳೆಗಳೇ ಬೇಕು.

ಪಾರ್ಕಿಗೆ ಮೊದಲು ಅಲ್ಲಿದ್ದವರು

ನನ್ನ ಮಟ್ಟಿಗೆ ಈ ಪ್ರಕರಣದ ನಡುಮಧ್ಯ ಇದು.

ಆ ಇಳಿಜಾರು ಖಾಲಿ ಇರಲಿಲ್ಲ. ಪಾರ್ಕಿನ ಎತ್ತರದ ಭಾಗದಲ್ಲಿ ಹುಲ್ಲು ಮುಚ್ಚಿದ ಕಲ್ಲಿನ ಅಡಿಪಾಯಗಳಿವೆ. ಪಕ್ಕದಲ್ಲಿ ಹೊಲದ ಬದುಗಳು, ಉಳುಮೆಯ ಏರುತಗ್ಗು. ಇವು ರೈತರ ಮನೆಗಳು. ಪುರಾತತ್ತ್ವಜ್ಞ ಡೇವಿಡ್ ಆಸ್ಟಿನ್ ಮತ್ತು ಅವರ ಜೊತೆಗಾರರು 1970ರ ದಶಕದಲ್ಲೇ ಇಲ್ಲಿ ಅಗೆದು, ಮಣ್ಣಿನಲ್ಲಿ ಉಳಿದ ಪರಾಗವನ್ನೂ ಪರೀಕ್ಷಿಸಿ ನೋಡಿದರು.

ಮನೆಗಳು ಡಾರ್ಟ್‌ಮೂರಿನ ಹಳೆ ಪದ್ಧತಿಯವು. ಉದ್ದನೆಯ ಒಂದೇ ಕಟ್ಟಡ, ನಡುವೆ ಎದುರುಬದುರು ಎರಡು ಬಾಗಿಲು. ಮೇಲ್ಬದಿಗೆ ಒಲೆ, ಜನ. ಇಳಿಜಾರಿನ ಕೆಳಬದಿಗೆ ದನ. ಕೊಟ್ಟಿಗೆಯ ನಡುವೆ ಗಂಜಲ ಹರಿದುಹೋಗಲು ಒಂದು ಕಾಲುವೆ. ಒಂದೇ ಸೂರು, ಜನಕ್ಕೂ ದನಕ್ಕೂ ಅದೇ ಬಾಗಿಲು, ದನದ ಉಸಿರಿನ ಬಿಸಿ ಮನೆಗೆ. ನಮ್ಮ ಬಯಲುಸೀಮೆಯ ಹಳೇ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ದನದ ಅಂಕಣ ಇರುತ್ತಿತ್ತು ನೋಡಿ, ಅದನ್ನು ಕಂಡವರಿಗೆ ಈ ಮನೆಯ ನಕ್ಷೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕೊಟ್ಟಿಗೆ ಯಾಕೆ ಕೆಳಬದಿಗೆ, ಕಾಲುವೆ ಯಾಕೆ ಆ ಕಡೆಗೆ ಅಂತ ಕೇಳುವ ಪ್ರಶ್ನೆಯೇ ಏಳುವುದಿಲ್ಲ.

ಡಾರ್ಟ್‌ಮೂರಿನಲ್ಲಿ ಹಾಳುಬಿದ್ದ ಹಳ್ಳಿಗಳು ಇನ್ನೂ ಇವೆ. ಹೌಂಡ್ ಟಾರ್ ಎಂಬುದು ಅದರಲ್ಲಿ ಹೆಸರುವಾಸಿ. ಇಂಥ ಹಳ್ಳಿ ಕಂಡ ಕೂಡಲೇ ಜನ ಎರಡು ಕಾರಣ ಹೇಳುತ್ತಾರೆ. ಒಂದು, 1348ರಲ್ಲಿ ಇಂಗ್ಲೆಂಡಿಗೆ ಬಂದ ಮಹಾ ಪ್ಲೇಗು. ಎರಡು, ಹವೆ ತಂಪಾಗಿ ಎತ್ತರದಲ್ಲಿ ಬೆಳೆ ಬಾರದೆ ಹೋಗಿದ್ದು. ಎರಡೂ ನಿಜವಾದ ಕಾರಣಗಳೇ. ಆದರೆ ಓಕ್‌ಹ್ಯಾಂಪ್ಟನ್ನಿನ ಈ ಮನೆಗಳು ಬರಿದಾದ ಕಾಲ ಪಾರ್ಕು ಬಂದ ಕಾಲಕ್ಕೆ ಹೊಂದುತ್ತದೆ. ಪ್ಲೇಗಿಗೆ ಇನ್ನೂ ಒಂದು ತಲೆಮಾರು ಬಾಕಿ ಇತ್ತು. ಇವರನ್ನು ಎಬ್ಬಿಸಿದ್ದು ರೋಗವೂ ಅಲ್ಲ, ಚಳಿಯೂ ಅಲ್ಲ. ಕಿಟಕಿಯಿಂದ ಕಾಣುವ ನೋಟ ಮತ್ತು ಜಿಂಕೆಯ ಹಿಂಡು.

ಇದನ್ನು ಓದಿದಾಗಿನಿಂದ ನನಗೆ ಆ ಕಲ್ಲಿನ ಜಗಲಿಯ ಮೇಲೆ ಸುಮ್ನೆ ಕೂತು ನೋಡಿ ಖುಷಿಪಡುವುದು ಸಾಧ್ಯವಿಲ್ಲ ಅನ್ನಿಸುತ್ತದೆ. ಕಿಟಕಿ ಚೆಂದ, ನೋಟ ಚೆಂದ. ಆ ನೋಟದ ಖಾಲಿತನಕ್ಕೆ ಕೆಲವು ಮನೆಗಳ ಒಲೆ ಆರಬೇಕಾಯಿತು. ಇವೆರಡನ್ನೂ ಒಟ್ಟಿಗೆ ಹೇಳಬೇಕು. ಕೋಟೆಯ ಕಥೆ ಹೇಳಿ ಹಳ್ಳಿಯನ್ನು ಅಡಿಟಿಪ್ಪಣಿ ಮಾಡುವುದು ನನಗೆ ಸರಿಕಾಣುವುದಿಲ್ಲ.

ಒಂದು ವಿಚಿತ್ರ ಇದೆ. ಈ ಮನೆಗಳ ಗುರುತು ಉಳಿದದ್ದೂ ಪಾರ್ಕಿನಿಂದಲೇ. ರೈತರು ಅಲ್ಲೇ ಇದ್ದಿದ್ದರೆ ಮಕ್ಕಳು ಮೊಮ್ಮಕ್ಕಳು ಹಳೆ ಮನೆ ಕೆಡವಿ ಅದೇ ಕಲ್ಲಿನಲ್ಲಿ ಹೊಸದು ಕಟ್ಟುತ್ತಿದ್ದರು. ಹೊಲದ ಬದು ಸರಿಸುತ್ತಿದ್ದರು. ನೇಗಿಲು ಎಲ್ಲವನ್ನೂ ಅಳಿಸುತ್ತಿತ್ತು. ಜಿಂಕೆ ಮೇಯ್ದ ನೆಲದಲ್ಲಿ ಇನ್ನೂರು ಮುನ್ನೂರು ವರ್ಷ ನೇಗಿಲು ಇಳಿಯಲಿಲ್ಲ. ಅದಕ್ಕೇ 1300ರ ಆಸುಪಾಸಿನ ಹೊಲ, ಮನೆ ಇದ್ದಂತೆ ಉಳಿದವು.

ತಲೆ ಹೋಯಿತು, ಬೇಲಿಯೂ ಹೋಯಿತು

ಮುಂದಿನ ಇನ್ನೂರು ವರ್ಷವನ್ನು ಬೇಗ ದಾಟಬಹುದು. ಕೋರ್ಟ್ನಿಗಳು ಡೆವನ್ನಿನ ಅರ್ಲ್‌ಗಳಾಗಿ ಬೆಳೆದರು. ಇಂಗ್ಲೆಂಡಿನ ಸಿಂಹಾಸನಕ್ಕಾಗಿ ನಡೆದ ಗುಲಾಬಿ ಯುದ್ಧಗಳಲ್ಲಿ ಸೋತ ಪಕ್ಷದಲ್ಲಿದ್ದು ಆಸ್ತಿ ಕಳೆದುಕೊಂಡರು. 1485ರಲ್ಲಿ ಏಳನೇ ಹೆನ್ರಿ ರಾಜನಾದ ಮೇಲೆ ಮತ್ತೆ ಪಡೆದರು.

ಕೊನೆ ಬಂದಿದ್ದು ಎಂಟನೇ ಹೆನ್ರಿಯ ಕೈಯಲ್ಲಿ. ಹೆನ್ರಿ ಕೋರ್ಟ್ನಿ, ಎಕ್ಸೆಟರಿನ ಮಾರ್ಕ್ವಿಸ್ (ಅರ್ಲ್‌ಗಿಂತ ಮೇಲಿನ ಪದವಿ), ರಾಜನಿಗೆ ಸೋದರ ಸಂಬಂಧಿಯೇ. ಸಿಂಹಾಸನಕ್ಕೆ ಹತ್ತಿರದ ರಕ್ತ ಅನ್ನುವುದೇ ಅವನಿಗೆ ಮುಳುವಾಯಿತು. 1538ರಲ್ಲಿ ರಾಜದ್ರೋಹದ ಆರೋಪ ಬಂತು, ಆ ಚಳಿಗಾಲದಲ್ಲೇ ತಲೆ ಹೋಯಿತು. ಆಸ್ತಿ ರಾಜನ ವಶ. ರಾಜನಿಗೆ ಜಿಂಕೆಗಳು ಬೇಕಾದಷ್ಟಿದ್ದವು. ಡೆವನ್ನಿನ ಮೂಲೆಯಲ್ಲಿ ಹತ್ತು ಕಿಲೋಮೀಟರ್ ಬೇಲಿ ಕಾಯುವುದು ಯಾರಿಗೆ ಬೇಕು? ಪಾರ್ಕನ್ನು ಎತ್ತಿಬಿಟ್ಟರು. ನೆಲ ದನಕುರಿಯ ಹುಲ್ಲುಗಾವಲಾಯಿತು.

ಆಮೇಲೆ ಕೋಟೆಯಲ್ಲಿ ಯಾವ ಒಡೆಯನೂ ಬಂದು ಉಳಿಯಲಿಲ್ಲ. ಯಾಕೆ ಬರಬೇಕು? ಅದು ಶಿಕಾರಿಗೆ ಬಂದಾಗ ಇಳಿದುಕೊಳ್ಳುವ ಮನೆ. ಶಿಕಾರಿಯೇ ಇಲ್ಲ. 17ನೇ ಶತಮಾನದಲ್ಲಿ ಪಾಳುಗೋಡೆಗಳ ನಡುವೆ ಯಾರೋ ಒಂದು ರೊಟ್ಟಿ ಸುಡುವ ಭಟ್ಟಿ ಇಟ್ಟುಕೊಂಡಿದ್ದರು. ಉಳಿದಂತೆ ಬಳ್ಳಿ ಹಬ್ಬಿತು. ಇಲ್ಲಿ ಕೋಟೆಯನ್ನು ಶತ್ರುವಿನ ಫಿರಂಗಿ ಕೆಡವಲಿಲ್ಲ. ಎದುರಿನ ಪಾರ್ಕು ಮುಚ್ಚಿತು, ಅಷ್ಟೇ ಸಾಕಾಯಿತು.

ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು. ಡೆವನ್ನಿನಲ್ಲಿ ಒಂದು ದೆವ್ವದ ಕಥೆ ಇದೆ. 17ನೇ ಶತಮಾನದಲ್ಲಿ ಬದುಕಿದ್ದ ಲೇಡಿ ಹೋವರ್ಡ್ ಎಂಬಾಕೆ ಗಂಡಂದಿರನ್ನು ಕೊಂದಳು ಅನ್ನುವ ಅಪವಾದ ಹೊತ್ತವಳು. ಅದಕ್ಕೆ ಶಿಕ್ಷೆಯಾಗಿ ಅವಳು ಪ್ರತಿ ನಡುರಾತ್ರಿ ಬೇಟೆನಾಯಿಯ ರೂಪದಲ್ಲಿ ಟ್ಯಾವಿಸ್ಟಾಕ್ ಊರಿನ ಫಿಟ್ಸ್‌ಫರ್ಡ್ ಹೆಬ್ಬಾಗಿಲಿನಿಂದ ಓಡಬೇಕು. ಎಲ್ಲಿಗೆ? ಓಕ್‌ಹ್ಯಾಂಪ್ಟನ್ ಪಾರ್ಕಿಗೆ. ಅಲ್ಲಿಂದ ಒಂದೇ ಒಂದು ಎಸಳು ಹುಲ್ಲು ಬಾಯಲ್ಲಿ ಕಚ್ಚಿಕೊಂಡು ಕೋಳಿ ಕೂಗುವ ಮೊದಲು ವಾಪಸ್ಸು. ಪಾರ್ಕಿನ ಹುಲ್ಲೆಲ್ಲ ಮುಗಿದ ದಿನ ಲೋಕವೇ ಮುಗಿಯುತ್ತದೆ. ಎಲುಬಿನ ಸಾರೋಟಿನಲ್ಲಿ ಕೋಟೆಯ ದಿಬ್ಬಕ್ಕೆ ಬರುತ್ತಾಳೆ ಅಂತಲೂ ಹೇಳುತ್ತಾರೆ. ನನಗೆ ಈ ಕಥೆಯಲ್ಲಿ ಹಿಡಿಸಿದ್ದು ಆ ಲೆಕ್ಕ. ಮುಗಿಯದಷ್ಟು ಹುಲ್ಲು ಎಲ್ಲಿದೆ ಅಂತ ಯೋಚಿಸಿದಾಗ ಊರಿನವರಿಗೆ ಹೊಳೆದ ಜಾಗ ಈ ಪಾರ್ಕು. ಹುಲ್ಲುಗಾವಲಾದ ಮೇಲಿನ ಪಾರ್ಕು.

ಚಿತ್ರಕಾರರೂ ಬಂದರು. 1824ರ ಸುಮಾರಿಗೆ ಟರ್ನರ್ ನದಿ, ಮರ, ಪಾಳುಗೋಪುರ ಸೇರಿಸಿ ಜಲವರ್ಣದಲ್ಲಿ ಬರೆದ. ಹ್ಯೂ ನೋಡಿದ್ದು ಕೋಟೆಯೊಳಗಿಂದ ಹೊರಗೆ. ಟರ್ನರ್ ನೋಡಿದ್ದು ಹೊರಗಿಂದ ಕೋಟೆಗೆ. ಇಬ್ಬರ ನಡುವೆ ಇದ್ದದ್ದು ಅದೇ ಕಣಿವೆ.

ರೈಲು, ಸೈನ್ಯ, ಹೆದ್ದಾರಿ

1871ರಲ್ಲಿ ಓಕ್‌ಹ್ಯಾಂಪ್ಟನ್ನಿಗೆ ರೈಲು ಬಂತು. ಹಳಿಯನ್ನು ಕಣಿವೆಯ ದಕ್ಷಿಣದ ಇಳಿಜಾರಿನಲ್ಲಿ, ಅಂದರೆ ಹಳೆ ಪಾರ್ಕಿನ ಕೆಳ ಅಂಚಿನಲ್ಲಿ, ಎಳೆದರು. ಫಿರಂಗಿ ತರಬೇತಿಗೆ ಅಂತ ಸೈನ್ಯವೂ ಅದೇ ದಶಕದಲ್ಲಿ ಬಂತು. 1890ರ ದಶಕದಲ್ಲಿ ಪಾರ್ಕಿನ ಮೇಲ್ಭಾಗದಲ್ಲೇ ಕಾಯಂ ಶಿಬಿರ ಎದ್ದಿತು. ಅದು ಇವತ್ತಿಗೂ ಇದೆ.

ದೊಡ್ಡ ಪೆಟ್ಟು ಬಿದ್ದಿದ್ದು 1980ರ ದಶಕದಲ್ಲಿ. ಲಂಡನ್ ಕಡೆಯಿಂದ ಕಾರ್ನ್‌ವಾಲಿಗೆ ಹೋಗುವ ಎ30 ಹೆದ್ದಾರಿ ಓಕ್‌ಹ್ಯಾಂಪ್ಟನ್ ಪೇಟೆಯ ನಡುಬೀದಿಯಲ್ಲಿ ಹಾಯುತ್ತಿತ್ತು. ಬೇಸಿಗೆ ರಜೆಯಲ್ಲಿ ಕಡಲತೀರಕ್ಕೆ ಹೊರಟ ಕಾರುಗಳು ಗಂಟೆಗಟ್ಟಲೆ ಸಾಲುಗಟ್ಟುತ್ತಿದ್ದವು. ಊರಿನವರಿಗೆ ಬೈಪಾಸ್ ಬೇಕಿತ್ತು, ಅದರಲ್ಲಿ ಅನುಮಾನವಿಲ್ಲ. ಪ್ರಶ್ನೆ ಇದ್ದಿದ್ದು ಯಾವ ಕಡೆ ಅನ್ನುವುದು. ಉತ್ತರಕ್ಕೆ ಹೋದರೆ ಒಳ್ಳೆ ಸಾಗುವಳಿ ಭೂಮಿ. ದಕ್ಷಿಣಕ್ಕೆ ಹೋದರೆ 1951ರಲ್ಲೇ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾಗಿದ್ದ ಡಾರ್ಟ್‌ಮೂರಿನ ಅಂಚು, ಕೋಟೆಯ ಹಳೆ ಪಾರ್ಕು.

ಸರಕಾರ ದಕ್ಷಿಣ ಆರಿಸಿತು. ಡಾರ್ಟ್‌ಮೂರ್ ಪ್ರಿಸರ್ವೇಶನ್ ಅಸೋಸಿಯೇಶನ್ ಮತ್ತಿತರರು ವರ್ಷಗಟ್ಟಲೆ ಹೋರಾಡಿದರು. ದೊಡ್ಡ ಸಾರ್ವಜನಿಕ ವಿಚಾರಣೆ ನಡೆಯಿತು. ಸಂಸತ್ತಿನ ಎರಡೂ ಮನೆಗಳ ಜಂಟಿ ಸಮಿತಿ ದಕ್ಷಿಣದ ದಾರಿ ಬೇಡ ಅಂದಿತು. ಸರಕಾರ ಅದನ್ನು ಬದಿಗಿಟ್ಟು, 1985ರಲ್ಲಿ ಈ ಒಂದೇ ರಸ್ತೆಗಾಗಿ ಪ್ರತ್ಯೇಕ ಕಾಯ್ದೆ ಮಾಡಿತು. 1988ರಲ್ಲಿ ರಸ್ತೆ ತೆರೆಯಿತು.

ಪೇಟೆಯವರ ಕಷ್ಟ ನನಗೆ ಅರ್ಥವಾಗುತ್ತದೆ. ಮನೆ ಮುಂದೆ ಲಾರಿ ಸಾಲು ನಿಂತವರಿಗೆ ಏಳುನೂರು ವರ್ಷದ ಹಿಂದಿನ ಜಿಂಕೆಯ ಕಥೆ ಹೇಳಿದರೆ ಸಿಟ್ಟು ಬರುವುದು ಸಹಜ. ಆದರೂ ಅಲ್ಲಿ ತಪ್ಪಾಯಿತು ಅಂತಲೇ ನಾನು ಹೇಳುತ್ತೇನೆ. ‘ಅಲ್ಲೇನಿದೆ, ಬರೀ ಖಾಲಿ ಗುಡ್ಡ’ ಅನ್ನುವ ಮಾತು ದಕ್ಷಿಣದ ದಾರಿಯನ್ನು ಸುಲಭ ಮಾಡಿತು. ಗೋಡೆಗೆ ಕಾನೂನಿನ ರಕ್ಷಣೆ ಇತ್ತು. ಗೋಡೆ ಯಾವುದನ್ನು ನೋಡಲೆಂದು ಎದ್ದಿತೋ ಆ ನೆಲಕ್ಕೆ ಅಷ್ಟು ಬಲ ಇರಲಿಲ್ಲ. ಕೋಟೆಗೂ ಅದರ ಪಾರ್ಕಿಗೂ ನಡುವೆ ಈಗ ನಾಲ್ಕು ಪಥದ ರಸ್ತೆ.

ಇವತ್ತು ಅಲ್ಲಿ ಓದಬಹುದಾದದ್ದು

ಕೋಟೆಯನ್ನು ಈಗ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ನೋಡಿಕೊಳ್ಳುತ್ತದೆ. ಅಂಗಳದ ದಕ್ಷಿಣ ಸಾಲಿನ ಕೋಣೆಗಳಿಗೆ ಸೂರಿಲ್ಲ. ಕಿಟಕಿಯ ಗೂಡುಗಳಿವೆ, ಒಲೆಗೂಡಿನ ಜಾಗಗಳಿವೆ. ಒಂದು ಕೆಲಸ ಮಾಡಬೇಕು. ಮೊದಲು ಉತ್ತರದ ಗೋಡೆಯನ್ನು ಹೊರಗಿಂದ ನೋಡಿ, ಆಮೇಲೆ ದಕ್ಷಿಣದ ಕಿಟಕಿಗೆ ಬರಬೇಕು. ಎರಡರ ವ್ಯತ್ಯಾಸವೇ ಪಾರ್ಕಿನ ಮೊದಲ ಸಾಕ್ಷಿ. ಕಣಿವೆಯಲ್ಲಿ ಮರ ದಟ್ಟವಾಗಿ ಬೆಳೆದಿದೆ.

ಇನ್ನು ಬೇಲಿ. ಓಕ್ ಹಲಗೆ ಎಂದೋ ಮಣ್ಣಾಗಿದೆ. ಹಳೆ ಗಡಿ ಕೆಲವೆಡೆ ಕಲ್ಲುಮಣ್ಣಿನ ಏರಿಯಾಗಿ ಉಳಿದಿದೆ. ಡಾರ್ಟ್‌ಮೂರಿನಲ್ಲಿ ಇಂಥ ಏರಿಗಳು ಬೇಕಾದಷ್ಟಿವೆ, ಎಲ್ಲವೂ ಪಾರ್ಕಿನವಲ್ಲ. ಗುರುತಿಸುವ ಒಂದು ಉಪಾಯ ಕಂದಕ ಯಾವ ಬದಿಗಿದೆ ಅಂತ ನೋಡುವುದು. ಗುಡ್ಡದಿಂದ ಬರುವ ಜಿಂಕೆ, ದನ ಹೊಲಕ್ಕೆ ನುಗ್ಗದಿರಲಿ ಅಂತ ರೈತ ಹಾಕಿದ ಏರಿಯಲ್ಲಿ ಕಂದಕ ಹೊರಗೆ, ಗುಡ್ಡದ ಕಡೆಗೆ. ಜಿಂಕೆ ಒಳಗೇ ಇರಲಿ ಅಂತ ಒಡೆಯ ಹಾಕಿದ ಏರಿಯಲ್ಲಿ ಕಂದಕ ಒಳಗೆ. ಎರಡಕ್ಕೂ ಅದೇ ಮಣ್ಣು, ಅದೇ ಗುದ್ದಲಿ. ತಗ್ಗು ಯಾವ ಕಡೆಗಿದೆ ಅನ್ನುವುದರಲ್ಲಿ ಅದನ್ನು ತೋಡಿಸಿದವನು ಯಾರು ಅಂತ ತಿಳಿಯುತ್ತದೆ.

ಪೇಟೆಯಿಂದ ದಕ್ಷಿಣಕ್ಕೆ ಹತ್ತುತ್ತಾ ಹೋದರೆ ರೈಲು ಹಳಿ ಸಿಗುತ್ತದೆ. 1972ರಲ್ಲಿ ಇಲ್ಲಿಗೆ ನಿಂತಿದ್ದ ದಿನನಿತ್ಯದ ರೈಲು 2021ರ ನವೆಂಬರಿನಿಂದ ಮತ್ತೆ ಬರುತ್ತಿದೆ. ಹಳಿ ದಾಟಿದರೆ ಎ30. ಅದನ್ನೂ ದಾಟಿದರೆ ಸೈನ್ಯದ ಶಿಬಿರ. ಶಿಬಿರದ ಆಚೀಚೆ ತೆರೆದ ಹುಲ್ಲು, ಮೇಯುವ ಕುರಿ.

ಮನೆಗಳ ಅಡಿಪಾಯ ಆ ಹುಲ್ಲಿನಲ್ಲಿದೆ. ಮೊಣಕಾಲಿಗಿಂತ ಎತ್ತರ ಇಲ್ಲ. ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆ ಅಥವಾ ಸಂಜೆ ಹೋದರೆ ಹೊಲದ ಬದುಗಳ ನೆರಳು ಉದ್ದ ಬಿದ್ದು ಒಂದೊಂದಾಗಿ ಎದ್ದು ಕಾಣುತ್ತವೆ. ಮನೆ ಯಾವ ಕಡೆ ಇಳಿಜಾರಾಗಿದೆ ಅಂತ ನೋಡಿಕೊಂಡರೆ ಒಲೆ ಎಲ್ಲಿತ್ತು, ದನ ಎಲ್ಲಿ ಕಟ್ಟುತ್ತಿದ್ದರು ಅನ್ನುವುದನ್ನು ಯಾರನ್ನೂ ಕೇಳದೆ ಹೇಳಬಹುದು. ನೀರು ಈಗಲೂ ಅದೇ ಕಡೆಗೆ ಇಳಿಯುತ್ತದೆ.